ಮಕ್ಕಳ ಪರೀಕ್ಷೆಯೂ ದೊಡ್ಡವರ ಹೊಣೆಯೂ

ಐದನೆಯ ತರಗತಿಯ ಮಗುವಿಗೆ ಹತ್ತು ವರ್ಷ. ಆ ಎಳೆಯ ವಯಸ್ಸಿನವರ ಮುಂದೆ ಈಗ ಒಂದಲ್ಲ, ಮೂರು ನಾಲ್ಕು ಪರೀಕ್ಷೆಗಳು ಸಾಲುಗಟ್ಟಿ ನಿಂತಿವೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನಂತಹ ಹೋಬಳಿ ಗ್ರಾಮದಲ್ಲಿಯೂ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಪೇಟೆಬೀದಿಗಳಲ್ಲಿಯೂ ತಂದೆತಾಯಿಗಳು ಉಪಾಧ್ಯಾಯರನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: “ನಮ್ಮ ಹುಡುಗನನ್ನು ನವೋದಯ ಪರೀಕ್ಷೆಗೆ ಸಿದ್ಧಮಾಡುವುದು ಹೇಗೆ, ಮೇಷ್ಟ್ರೇ?” ಪ್ರಶ್ನೆ ನ್ಯಾಯವಾದುದೇ. ಊಟ, ವಸತಿ, ಪುಸ್ತಕ, ಉಡುಪುಗಳನ್ನು ಉಚಿತವಾಗಿ ಕೊಟ್ಟು ಮಗುವನ್ನು ಓದಿಸುವ ಶಾಲೆಯೊಂದು ಜಿಲ್ಲೆಯಲ್ಲಿರುವಾಗ, ಅದರ ಬಾಗಿಲನ್ನು ತಟ್ಟದೆ ಇರಬೇಕೆಂದು ಬಡ ಸಂಸಾರಿಗೆ ಯಾರೂ ಬೋಧಿಸಲಾಗದು. ಆದರೆ ಆ ಪ್ರಶ್ನೆಗೆ ದೊರೆಯುತ್ತಿರುವ ಉತ್ತರ ಮಾತ್ರ ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯ. ಎರಡು ತಿಂಗಳ ಗಟ್ಟಿಪಾಠ, ಒಂದು ದಪ್ಪ ಮಾರ್ಗದರ್ಶಿ ಪುಸ್ತಕ, ಸಾಧ್ಯವಾದರೆ ಪೇಟೆಯ ತರಬೇತಿ: ಇವಿಷ್ಟನ್ನೇ ಸಿದ್ಧತೆಯೆಂದು ಭಾವಿಸಿ ನಾವು ಮಕ್ಕಳ ಅಮೂಲ್ಯವಾದ ಕಾಲವನ್ನು ವ್ಯರ್ಥಮಾಡುತ್ತಿದ್ದೇವೆ. ಪರೀಕ್ಷೆಯಲ್ಲಿ ಆಯ್ಕೆಯಾಗದೆ ಹಿಂದಿರುಗಿದ ಮಗುವಿನ ಬಳಿಯಲ್ಲಿ ಯಾವ ವಿದ್ಯೆ ಉಳಿಯುವುದೋ ಅದೇ ನಿಜವಾದ ಸಿದ್ಧತೆ ಎಂಬುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ನೆಲೆಗೊಂಡ ಜವಾಹರ ನವೋದಯ ವಿದ್ಯಾಲಯಗಳಲ್ಲಿ, ಒಂದೊಂದು ಶಾಲೆಗೆ ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಅವುಗಳಲ್ಲಿ ನೂರಕ್ಕೆ 75 ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೆ ಮೀಸಲು. ಇದು ಒಳ್ಳೆಯ ನಿಯಮವೇ. ಆದರೆ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಮಕ್ಕಳೂ ಆ 80 ಪೀಠಗಳಿಗಾಗಿಯೇ ಸ್ಪರ್ಧಿಸತಕ್ಕದ್ದು. ಒಂದು ಸಲ ಬರೆದ ಮಗುವಿಗೆ ಎರಡನೆಯ ಅವಕಾಶವೂ ಇಲ್ಲ. ಹೀಗಿರುವಾಗ ಪರೀಕ್ಷೆಗೆ ಕುಳಿತವರಲ್ಲಿ ಬಹುಮಂದಿ ಆಯ್ಕೆಯಾಗದೆ ಉಳಿಯುವರೆಂಬುದು ಪರೀಕ್ಷೆಗೆ ಮುಂಚೆಯೇ ನಿಶ್ಚಿತವಾದ ಸಂಗತಿ. ಅವರು ದಡ್ಡರೆಂದಲ್ಲ, ಪೀಠಗಳು ಕಡಮೆ ಎಂದು. ಈ ಸತ್ಯವನ್ನು ಮರೆತು, ಆಯ್ಕೆಯಾಗಬಹುದಾದ ಇಬ್ಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಉಳಿದ ಹದಿನೆಂಟು ಮಂದಿಯನ್ನು ಗೋಡೆಯ ಕಡೆಗೆ ಸರಿಸುವ ಶಾಲೆ ಎಷ್ಟೇ ಫಲಿತಾಂಶ ತೋರಿಸಿದರೂ ತನ್ನ ಧರ್ಮದಿಂದ ಚ್ಯುತವಾದಂತೆಯೇ ಸರಿ.

ಮಕ್ಕಳ ಪರೀಕ್ಷೆಗಳೆಲ್ಲವೂ ಒಂದೇ ಬಗೆಯವಲ್ಲವೆಂಬುದನ್ನೂ ಉಪಾಧ್ಯಾಯ ಮಹಾಶಯರು ಜನರಿಗೆ ತಿಳಿಯಹೇಳಬೇಕು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಮೊದಲಾದವುಗಳ ಪ್ರವೇಶ ಪರೀಕ್ಷೆಗಳು ಆರಿಸುವ ಪರೀಕ್ಷೆಗಳು. ವರ್ಷಾಂತ್ಯದ ಮೌಲ್ಯಾಂಕನವು ಮಗು ಕಲಿತದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದನ್ನು ಉಪಾಧ್ಯಾಯರಿಗೆ ತೋರಿಸತಕ್ಕ ಪರೀಕ್ಷೆ. ಇನ್ನು 2021ರ ನವೆಂಬರ್ 12ರಂದು ದೇಶದಾದ್ಯಂತ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಂತಹುದೂ, 2024ರ ಡಿಸೆಂಬರ್ 4ರಂದು ಮೂರು, ಆರು, ಒಂಬತ್ತನೆಯ ತರಗತಿಗಳ ಮಕ್ಕಳಿಗೆ ನಡೆದ ಪರಖ್ ಸಮೀಕ್ಷೆಯಂತಹುದೂ ಮಗುವನ್ನು ಅಳೆಯುವುದಕ್ಕಾಗಿ ಇರುವುವಲ್ಲ. ಸರ್ಕಾರದ ಕೆಲಸವನ್ನು ಅಳೆಯುವುದಕ್ಕಾಗಿ ಇರುವುವು. ಆರಿಸಿದ ಶಾಲೆಗಳಲ್ಲಿ ನಡೆಯುವ ಇಂತಹ ಸಮೀಕ್ಷೆಗೆ ಮಕ್ಕಳನ್ನು ವಾರಗಟ್ಟಲೆ ತಿದ್ದಿ ಕೂರಿಸುವುದೆಂದರೆ, ವೈದ್ಯನು ಬರುವ ಹೊತ್ತಿಗೆ ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ತೋರಿಸಿದಂತೆ. ಅಂಕಿ ಇಳಿದೀತು, ಜ್ವರ ಇಳಿಯದು, ಔಷಧವೂ ಬಾರದು.

ಪರೀಕ್ಷೆಯ ಭಯ ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಮೈಸೂರಿನಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆಯೂ, ಧಾರವಾಡದ ಕಡೆಯಲ್ಲಿ ಮುಲ್ಕಿ ಪರೀಕ್ಷೆಯೂ ಒಂದು ಕಾಲದಲ್ಲಿ ಹಳ್ಳಿಯ ಹುಡುಗನ ಹಣೆಬರಹವನ್ನು ಬರೆಯುತ್ತಿದ್ದವು. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಾಗಿತ್ತು. ಪರೀಕ್ಷೆಯ ಅಂಕಿಗೆ ದುಡ್ಡನ್ನು ಕಟ್ಟಿದರೆ ಏನಾಗುವುದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷ್ಯವುಂಟು. ಇಂಗ್ಲೆಂಡಿನಲ್ಲಿ 1862ರಲ್ಲಿ ಮಕ್ಕಳ ಫಲಿತಾಂಶವನ್ನು ನೋಡಿ ಶಾಲೆಗೆ ಸಹಾಯಧನ ಕೊಡುವ ಪದ್ಧತಿ ಬಂದಿತು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಅದನ್ನು ಎಡೆಬಿಡದೆ ವಿರೋಧಿಸಿದನು. ಪಾಠವು ಯಂತ್ರದ ಕೆಲಸವಾಗಿ, ಮಕ್ಕಳು ಅರ್ಥವರಿಯದೆ ಪುಸ್ತಕವನ್ನು ಒಪ್ಪಿಸತೊಡಗುವರೆಂಬುದು ಅವನ ದೂರು. ಆ ಪದ್ಧತಿ ನಮ್ಮ ದೇಶದ ಪ್ರಾಂತಗಳಿಗೂ ಕಾಲಿಟ್ಟಿತು. ಕೊನೆಗೆ 1904ರ ಭಾರತ ಸರ್ಕಾರದ ವಿದ್ಯಾಭ್ಯಾಸ ನಿರ್ಣಯವು ಅದನ್ನು ಕೈಬಿಡಬೇಕೆಂದಿತು. ಇಂದು ಸಹಾಯಧನದ ಮಾತಿಲ್ಲದಿರಬಹುದು. ಆದರೆ ಶಾಲೆಯ ಮಾನವೂ ಉಪಾಧ್ಯಾಯರ ಹೆಸರೂ ಆಯ್ಕೆಯಾದ ಮಕ್ಕಳ ಪಟ್ಟಿಗೆ ಗಂಟುಬಿದ್ದಿರುವಲ್ಲೆಲ್ಲ ಆ ಹಳೆಯ ವ್ಯಾಧಿಯೇ ಹೊಸ ಉಡುಪು ತೊಟ್ಟು ನಿಂತಿರುವುದನ್ನು ನೋಡಬಹುದು.

ಹಾಗಾದರೆ ಏನು ಮಾಡತಕ್ಕದ್ದು? ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ರೇಷ್ಮೆಯ ಈ ಸೀಮೆಯಲ್ಲಿ ಹುಳು ಸಾಕುವ ಯಾವ ಮನೆಯಲ್ಲಾದರೂ ಕೇಳಬಹುದು. ಹುಳು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಗೆ ಏರಿ ಗೂಡು ಕಟ್ಟುತ್ತದೆ. ಕೊನೆಯ ಜ್ವರ ಎದ್ದ ಮೇಲೆ ಅದು ರಾಶಿರಾಶಿ ಸೊಪ್ಪು ತಿನ್ನುವುದು ನಿಜ. ಆದರೆ ಮೊದಲಿನ ಚಾಕಿಯ ದಿನಗಳಲ್ಲಿ ಎಳೆಯ ಸೊಪ್ಪು, ಹದವಾದ ಶಾಖ, ಶುಚಿತ್ವಗಳು ತಪ್ಪಿದವೆಂದರೆ ಕೊನೆಯಲ್ಲಿ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗದು. ಚಾಕಿ ಕೆಟ್ಟರೆ ಬೆಳೆ ಕೆಟ್ಟಿತೆಂದು ಬಲ್ಲ ರೈತನಿಗೆ, ಮಗುವಿನ ವಿಷಯದಲ್ಲಿ ಮಾತ್ರ ಆ ವಿವೇಕ ಏಕೆ ಮರೆತುಹೋಗಬೇಕು? ಒಂದರಿಂದ ಮೂರನೆಯ ತರಗತಿಯವರೆಗಿನ ಕಾಲವೇ ಮಗುವಿನ ಚಾಕಿ. ಅಲ್ಲಿ ಓದು ಬರಲಿಲ್ಲವಾದರೆ ಐದನೆಯ ತರಗತಿಯ ಚಳಿಗಾಲದಲ್ಲಿ ಸುರಿಯುವ ಪ್ರಶ್ನಪತ್ರಿಕೆಗಳು ಬರಿಯ ಒಣಸೊಪ್ಪು.

ಇದು ಕೇವಲ ಉಪಮೆಯ ಮಾತಲ್ಲವೆಂಬುದಕ್ಕೆ ಪ್ರಶ್ನಪತ್ರಿಕೆಯ ಸ್ವರೂಪವೇ ಪ್ರಮಾಣ. ನವೋದಯದ ಪರೀಕ್ಷೆಯಲ್ಲಿ ಎರಡು ಗಂಟೆಯ ಕಾಲ, 80 ಪ್ರಶ್ನೆ, 100 ಅಂಕ. ಅದರಲ್ಲಿ ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೆ 20 ಪ್ರಶ್ನೆ, 25 ಅಂಕ. ಭಾಷೆಯ ಭಾಗವೆಂದರೆ ವ್ಯಾಕರಣದ ಸೂತ್ರಗಳಲ್ಲ. ನಾಲ್ಕು ಗದ್ಯಭಾಗಗಳನ್ನು ಕೊಟ್ಟು, ಒಂದೊಂದರ ಕೆಳಗೆ ಐದೈದು ಪ್ರಶ್ನೆಗಳನ್ನು ಕೇಳುತ್ತಾರೆ. ಮಗು ಹಿಂದೆಂದೂ ಕಾಣದ ಗದ್ಯವನ್ನು ತಾನೇ ಓದಿ ತಾನೇ ತಿಳಿಯಬೇಕು. ಗಣಿತದ ಮಾತಿನ ಲೆಕ್ಕಗಳಿಗೂ ಓದೇ ಬೀಗದ ಕೈ. ಹೀಗೆ ಓದಿನ ಅಭ್ಯಾಸವಿಲ್ಲದ ಮಗು ಗಟ್ಟಿಮಾಡಿದ ಉತ್ತರಗಳ ಮೂಟೆಯನ್ನೇ ಹೊತ್ತು ಹೋದರೂ ಅಲ್ಲಿ ಅದನ್ನು ಬಿಚ್ಚುವುದಕ್ಕೆ ಸ್ಥಳವೇ ಇರುವುದಿಲ್ಲ.

ಇಲ್ಲಿಯೇ ನಮ್ಮ ಸೀಮೆಗೆ ವಿಶೇಷವಾದ ಒಂದು ಕಷ್ಟವನ್ನು ಹೇಳಬೇಕಾಗಿದೆ. ಮಂಡಿಕಲ್ಲಿನ ಸುತ್ತಿನಲ್ಲಿಯೂ, ಚಿಂತಾಮಣಿಯ ಕಡೆಯಲ್ಲಿಯೂ ಅನೇಕ ಮನೆಗಳ ಒಳಮಾತು ತೆಲುಗು. ಮಗು ಕನ್ನಡವನ್ನು ಕೇಳುವುದು ಬೀದಿಯಲ್ಲಿ; ಓದುವುದು ಶಾಲೆಯಲ್ಲಿ. ಅಂತಹ ಮಗುವಿನ ಮುಂದೆ, “ರೈತನೊಬ್ಬನು 45 ಕಿಲೋ ಗೂಡನ್ನು ಕಿಲೋಗೆ 400 ರೂಪಾಯಿಯಂತೆ ಮಾರಿದನು, ಅವನ ಒಟ್ಟು ವೆಚ್ಚ 11,500 ರೂಪಾಯಿಯಾದರೆ ನಿವ್ವಳ ಲಾಭವೆಷ್ಟು?” ಎಂಬ ಲೆಕ್ಕವನ್ನು ಇಟ್ಟಿರೆನ್ನಿ. ಗೂಡಿನ ಮಾರುಕಟ್ಟೆಯನ್ನು ತಂದೆಯ ಜೊತೆಯಲ್ಲಿ ನೋಡಿದ ಮಗುವಿಗೆ ಈ ವ್ಯವಹಾರ ಹೊಸದಲ್ಲ. “ಎಂತ ಮಿಗಿಲಿಂದಿ?” ಎಂದು ಕೇಳಿದರೆ, 18,000ದಲ್ಲಿ 11,500 ಹೋಗಿ 6,500 ಎಂದು ಹೇಳಿಬಿಡುತ್ತದೆ. ಅದನ್ನು ತಡೆದು ನಿಲ್ಲಿಸಿದುದು ಲೆಕ್ಕವಲ್ಲ. ‘ನಿವ್ವಳ’ ಎಂಬ ಒಂದು ಮಾತು. ಉತ್ತರಪತ್ರಿಕೆಯಾದರೋ ಈ ಎರಡಕ್ಕೂ ಭೇದವೆಣಿಸದು. ಮಗುವಿಗೆ ಗಣಿತ ಬಾರದೆಂದು ಅದು ಬರೆದುಬಿಡುತ್ತದೆ, ನಾವೂ ನಂಬಿಬಿಡುತ್ತೇವೆ.

ಕನ್ನಡದ ಅಭಿಮಾನಿಗಳು ಈ ಮಕ್ಕಳ ವಿಷಯದಲ್ಲಿ ಉಳಿದೆಲ್ಲರಿಗಿಂತ ಹೆಚ್ಚಿನ ಸಹಾನುಭೂತಿಯುಳ್ಳವರಾಗಿರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಏಕೆಂದರೆ ಈ ನೋವನ್ನು ನಮ್ಮ ಹಿರಿಯರು ಉಂಡಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ, ಧಾರವಾಡಗಳ ಸೀಮೆಯಲ್ಲಿ ಕನ್ನಡದ ಮನೆಯ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತು ತಿಳಿಯದ ನುಡಿಯಲ್ಲಿ ಪಾಠ ಒಪ್ಪಿಸುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂತಹ ಮಹನೀಯರು ಶ್ರಮಪಟ್ಟು ಅಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿದುದು, ತಿಳಿಯದ ಭಾಷೆಯಲ್ಲಿ ಮಗುವಿನ ಬುದ್ಧಿಯನ್ನು ತೂಗುವುದು ಅನ್ಯಾಯವೆಂಬ ತತ್ತ್ವದ ಮೇಲೆಯೇ. 1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ನಾಡು ಒಂದಾಯಿತು. ಒಂದಾದ ನಾಡಿನಲ್ಲಿ, ಮನೆಯಲ್ಲಿ ತೆಲುಗಾಡುವ ಮಗುವೂ ಕನ್ನಡ ಶಾಲೆಯ ಮಗುವೇ, ಕನ್ನಡದ ಮಗುವೇ. ಆ ಮಗುವಿನ ತೆಲುಗನ್ನು ಬೆತ್ತದಿಂದ ಹೊರಗಟ್ಟಿದರೆ ಕನ್ನಡ ಒಳಗೆ ಬಾರದು. ಎರಡು ನುಡಿಗಳ ಲಿಪಿಗಳು ಒಡಹುಟ್ಟಿದಂತಿವೆ. ಐದು, ಆರು ಎಂಬ ಎಣಿಕೆಗಳೂ, ಲಾಭ, ನಷ್ಟ ಎಂಬ ಮಾತುಗಳೂ ಎರಡಕ್ಕೂ ಸಮಾನ. ಬಲ್ಲ ಉಪಾಧ್ಯಾಯರು ತೆಲುಗನ್ನು ಸೇತುವೆಯಾಗಿ ಹಾಕಿ ಮಗುವನ್ನು ಕನ್ನಡದ ದಡಕ್ಕೆ ನಡೆಸುತ್ತಾರೆ. ಸೇತುವೆ ಮುರಿದು ಈಜಿಕೊಂಡು ಬಾ ಎನ್ನುವುದು ಅಭಿಮಾನವಲ್ಲ, ಅವಿವೇಕ.

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ಸೂಚನೆಗಳು ಐದು. ಇವುಗಳಲ್ಲಿ ಒಂದಕ್ಕೂ ಹಣ ಬೇಕಾಗಿಲ್ಲ.

ಮೊದಲನೆಯದು ಓದು. ಮೂರನೆಯ ತರಗತಿಯಿಂದಲೇ ದಿನಕ್ಕೆ ಅರ್ಧ ಗಂಟೆ ಮಗು ಪಠ್ಯಪುಸ್ತಕದಲ್ಲಿಲ್ಲದ ಕನ್ನಡವನ್ನು ಓದಬೇಕು: ಕಥೆ, ವೃತ್ತಪತ್ರಿಕೆಯ ಮಕ್ಕಳ ಪುಟ, ಗೋಡೆಯ ಪ್ರಕಟಣೆ, ಏನಾದರೂ ಸರಿ. ಓದಿದುದನ್ನು ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಎಂಬ ಯೋಜನೆ 2020ರಲ್ಲಿ ಆರಂಭವಾಯಿತು. ಮಗುವಿನ ಹೆಸರನ್ನು ಅಲ್ಲಿ ಬರೆಯಿಸಿದರೆ ಸಾಲದು, ಕೈಹಿಡಿದು ಕರೆದೊಯ್ಯಬೇಕು.

ಎರಡನೆಯದು ಬಾಯಿಲೆಕ್ಕ. ಸಂತೆಯ ತರಕಾರಿ, ಡೈರಿಗೆ ಹಾಕಿದ ಹಾಲು, ಬಸ್ಸಿನ ಚೀಟಿ, ಗೂಡಿನ ತೂಕ ಇವೆಲ್ಲವೂ ಗಣಿತದ ಪುಸ್ತಕಗಳೇ. ಮೊದಲು ಬಾಯಲ್ಲಿ ಮಾಡಿ, ಆಮೇಲೆ ಹಲಗೆಯ ಮೇಲೆ ಬರೆಯಲಿ. ಇನ್ನೂ ಮೇಲಾದುದೆಂದರೆ ಲೆಕ್ಕವನ್ನು ಮಗುವೇ ಕಟ್ಟಿ ಗೆಳೆಯನಿಗೆ ಕೇಳಲಿ. ಪ್ರಶ್ನೆಯನ್ನು ಕಟ್ಟಬಲ್ಲ ಮಗು ಪ್ರಶ್ನೆಗೆ ಹೆದರುವುದಿಲ್ಲ.

ಮೂರನೆಯದು ಕಣ್ಣಿನ ಅಭ್ಯಾಸ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳೆಂದರೆ ಬಹುಮಟ್ಟಿಗೆ ಆಕೃತಿಗಳು: ಗುಂಪಿಗೆ ಸೇರದ ಚಿತ್ರ, ಕನ್ನಡಿಯಲ್ಲಿ ಕಾಣುವ ಬಿಂಬ, ಅರ್ಧ ಬರೆದುದನ್ನು ತುಂಬುವ ಭಾಗ. ನಮ್ಮ ಮನೆಗಳ ಮುಂದೆ ದಿನವೂ ರಂಗೋಲಿ ಬಿಡಿಸುವ ತಾಯಂದಿರು ಈ ವಿದ್ಯೆಯ ಉಪಾಧ್ಯಾಯಿನಿಯರು. ಅರ್ಧ ರಂಗೋಲಿಯನ್ನು ತಾಯಿ ಬಿಡಿಸಿ, ಉಳಿದರ್ಧವನ್ನು ಮಗುವಿನ ಕೈಗೆ ಬಿಟ್ಟರೆ ಸಮರೂಪತೆಯ ಪಾಠ ಅಂಗಳದಲ್ಲಿಯೇ ನಡೆದುಹೋಗುತ್ತದೆ.

ನಾಲ್ಕನೆಯದು ತಪ್ಪಿನ ಪುಸ್ತಕ. ಹಳೆಯ ಪ್ರಶ್ನಪತ್ರಿಕೆ ಮಗುವನ್ನು ಅಳಿಸುವುದಕ್ಕಲ್ಲ, ಉಪಾಧ್ಯಾಯರಿಗೆ ದಾರಿ ತೋರಿಸುವುದಕ್ಕೆ. ತಪ್ಪಾದ ಒಂದೊಂದು ಉತ್ತರದ ಎದುರಿಗೂ ಕಾರಣವನ್ನು ಬರೆದಿಡಬೇಕು: ಪೂರ್ತಿ ಓದಲಿಲ್ಲವೋ, ಮಾತು ತಿಳಿಯಲಿಲ್ಲವೋ, ಮಾಡುವ ಕ್ರಮ ಬರಲಿಲ್ಲವೋ, ಗುರುತನ್ನು ಬೇರೆ ಕಡೆ ಹಾಕಿತೋ. ಹದಿನೈದು ದಿನ ಹೀಗೆ ಬರೆದರೆ, ‘ದಡ್ಡ’ ಎಂಬ ಒಂದೇ ಮಾತಿನಲ್ಲಿ ನಾವು ಮುಚ್ಚಿಡುತ್ತಿದ್ದುದು ನಾಲ್ಕು ಬೇರೆ ಬೇರೆ ಕಾಯಿಲೆಗಳೆಂದೂ, ನಾಲ್ಕಕ್ಕೂ ಬೇರೆ ಬೇರೆ ಮದ್ದು ಉಂಟೆಂದೂ ಗೊತ್ತಾಗುತ್ತದೆ.

ಐದನೆಯದು ಪರೀಕ್ಷೆಯ ರೀತಿಯ ಪರಿಚಯ. ಉತ್ತರಪತ್ರಿಕೆಯಲ್ಲಿ ಸಣ್ಣ ವೃತ್ತಗಳನ್ನು ತುಂಬುವುದು, 120 ನಿಮಿಷಗಳಲ್ಲಿ 80 ಪ್ರಶ್ನೆಗಳೆಂದರೆ ಒಂದಕ್ಕೆ ಒಂದೂವರೆ ನಿಮಿಷವೆಂದು ಅರಿಯುವುದು, ಕಷ್ಟವಾದುದನ್ನು ಬಿಟ್ಟು ಮುಂದೆ ಹೋಗಿ ಮತ್ತೆ ಬರುವುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದುದರಿಂದ ಯಾವುದನ್ನೂ ಖಾಲಿ ಬಿಡದಿರುವುದು, ಇವೆಲ್ಲ ಕಲಿಯತಕ್ಕ ಸಂಗತಿಗಳೇ. ಪೇಟೆಯ ಮಗುವಿಗೆ ಇವು ಗೊತ್ತಿದ್ದು ಹಳ್ಳಿಯ ಮಗುವಿಗೆ ಗೊತ್ತಿಲ್ಲದಿರುವುದು ಅನ್ಯಾಯ. ಆದರೆ ಇದಕ್ಕೆ ನಾಲ್ಕು ಶನಿವಾರಗಳು ಸಾಕು. ನಾಲ್ಕು ತಿಂಗಳು ಬೇಡ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುದನ್ನು ನಾವು ಬಲ್ಲೆವು. ಪೇಟೆಯ ಮಕ್ಕಳು ಹಣ ಕೊಟ್ಟು ತರಬೇತಿ ಪಡೆಯುತ್ತಿರುವಾಗ ಹಳ್ಳಿಯ ಮಕ್ಕಳು ಕಥೆ ಓದುತ್ತ ಕುಳಿತರೆ ಸೋಲುವುದಿಲ್ಲವೇ ಎಂಬುದು ಮೊದಲನೆಯದು. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗಟ್ಟಿಪಾಠದಿಂದ ಕೆಲವು ಅಂಕಗಳು ಹೆಚ್ಚುವುದುಂಟು. ಕೆಲವು ಅಂಕಗಳಿಂದಲೇ ಪೀಠ ದೊರೆಯುವುದೂ ಉಂಟು. ಆದರೆ ಆ ತರಬೇತಿ ಫಲಿಸುವುದೂ ಚೆನ್ನಾಗಿ ಓದಬಲ್ಲ ಮಗುವಿನಲ್ಲಿಯೇ. ಓದಲಾರದ ಮಗುವಿನ ತಂದೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಡ್ಡಾಯ ಶಿಕ್ಷಣ ಹಕ್ಕಿನ 2009ರ ಕಾನೂನು ತನ್ನ 28ನೆಯ ವಿಧಿಯಲ್ಲಿ ಉಪಾಧ್ಯಾಯರು ಖಾಸಗಿ ಪಾಠ ಹೇಳಕೂಡದೆಂದು ನಿಷೇಧಿಸಿರುವುದನ್ನೂ ಇಲ್ಲಿ ನೆನೆಯಬೇಕು. ಶಾಲೆಯ ಒಳಗೆ ಉಚಿತವಾಗಿ ದೊರೆಯತಕ್ಕ ವಿದ್ಯೆ ಶಾಲೆಯ ಹೊರಗೆ ಬೆಲೆಗೆ ದೊರೆಯುವಂತಾಗಬಾರದೆಂಬುದೇ ಅದರ ಆಶಯ.

ಎರಡನೆಯ ಆಕ್ಷೇಪಣೆ ಉಪಾಧ್ಯಾಯರದು: ಇಬ್ಬರೇ ಮೇಷ್ಟರು ಐದು ತರಗತಿ ನೋಡುವ ಶಾಲೆಯಲ್ಲಿ ಇದೆಲ್ಲ ಹೇಗೆ ಸಾಧ್ಯ? ಇದಕ್ಕೆ ಉತ್ತರ ನಮ್ಮ ಗಡಿಯಾಚೆಯೇ ಹುಟ್ಟಿತು. ಚಿಂತಾಮಣಿಯಿಂದ ಪೂರ್ವಕ್ಕೆ, ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯಲ್ಲಿ ಹಳ್ಳಿಯ ಸಣ್ಣ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಕ್ರಮವೊಂದನ್ನು ರೂಪಿಸಿದರು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅದನ್ನು ಕಂಡು ಬಂದು ‘ನಲಿ ಕಲಿ’ಯನ್ನು ಕಟ್ಟಿದರು, ಮುಂದೆ ಅದು ನಾಡಿಗೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗದಲ್ಲಿ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಕಲಿಯಬಹುದೆಂಬುದೇ ಅದರ ತಿರುಳು. ಐದನೆಯ ತರಗತಿಯ ಹುಡುಗಿ ಮೂರನೆಯ ತರಗತಿಯವನಿಗೆ ಓದಿಸಿದರೆ ಇಬ್ಬರ ಸಿದ್ಧತೆಯೂ ಆಗುತ್ತದೆ. ಊರಿನ ನಿವೃತ್ತ ಉಪಾಧ್ಯಾಯರೂ, ಕಾಲೇಜಿಗೆ ಹೋಗುವ ಯುವಕ ಯುವತಿಯರೂ ವಾರಕ್ಕೆ ಎರಡು ಸಂಜೆ ಕೊಟ್ಟರೆ ಉಳಿದ ಭಾರವೂ ಇಳಿಯುತ್ತದೆ.

ಮೇಲಿನವರ ಹೊಣೆಯನ್ನು ಹೇಳದೆ ಕೆಳಗಿನವರಿಗೆ ಮಾತ್ರ ಉಪದೇಶ ಮಾಡುವುದು ನ್ಯಾಯವಲ್ಲ. 2009ರ ಕಾನೂನು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಬೇಡವೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಗೆ ದಾರಿಮಾಡಿತು. ಆಮೇಲೆ ಕರ್ನಾಟಕದಲ್ಲಿ ನಡೆದುದನ್ನು ಯಾರೂ ಮರೆತಿಲ್ಲ. 2023ರ ಮಾರ್ಚ್ ತಿಂಗಳಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದುಮಾಡಿತು, ವಿಭಾಗ ಪೀಠವಾದರೋ ಪರೀಕ್ಷೆ ನಡೆಸುವುದಕ್ಕೆ ಒಪ್ಪಿತು. ಮರುವರ್ಷ ಮಾರ್ಚ್ 11ರಂದು ಆರಂಭವಾದ ಪರೀಕ್ಷೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಡುವೆಯೇ ನಿಂತು, 22ರ ತೀರ್ಪಿನ ಮೇಲೆ ಮತ್ತೆ ನಡೆದು, ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ ಬಂದಿತು. ಹತ್ತು ವರ್ಷದ ಮಕ್ಕಳು ಒಂದು ದಿನ ಪರೀಕ್ಷೆಯುಂಟೆಂದೂ, ಇನ್ನೊಂದು ದಿನ ಇಲ್ಲವೆಂದೂ ಕೇಳುತ್ತ ಕುಳಿತರು. ಪರೀಕ್ಷೆ ಬೇಕೋ ಬೇಡವೋ ಎಂಬುದರಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಿರಬಹುದು. ಆದರೆ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವಾಗ ಹೇಳದ ಪರೀಕ್ಷೆಯನ್ನು ಮಾರ್ಚಿಯಲ್ಲಿ ಮಾಡಕೂಡದೆಂಬುದರಲ್ಲಿ ಎರಡು ಮಾತಿರಲಾರದು. ಪ್ರಶ್ನೆಗಳ ಕನ್ನಡ ಮಕ್ಕಳ ಕನ್ನಡವಾಗಿರಬೇಕು. ಪರೀಕ್ಷೆ ಮುಗಿದ ಮೇಲೆ ಬರಿಯ ಅಂಕವಲ್ಲದೆ, ಮಗು ಎಲ್ಲಿ ಎಡವಿತೆಂಬ ವಿವರ ಅದರ ಉಪಾಧ್ಯಾಯರ ಕೈಗೆ ಬರಬೇಕು. ಇವಿಷ್ಟನ್ನು ಇಲಾಖೆಯಿಂದ ಕೇಳುವುದು ನಾಡವರ ಹಕ್ಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಎಚ್. ನರಸಿಂಹಯ್ಯನವರು ಜೀವಮಾನವೆಲ್ಲ ಬೋಧಿಸಿದುದು ಒಂದನ್ನೇ: ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು. ಪ್ರಶ್ನಪತ್ರಿಕೆಗೆ ಉತ್ತರ ಬರೆಯುವುದನ್ನು ಮಾತ್ರ ಕಲಿತು, ಪ್ರಶ್ನೆ ಕೇಳುವುದನ್ನು ಮರೆತ ಮಕ್ಕಳನ್ನು ಅವರ ಸೀಮೆಯವರೇ ಬೆಳೆಸಿದರೆ ಅದಕ್ಕಿಂತ ವಿಷಾದವುಂಟೆ?

ಆದುದರಿಂದ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿಯೂ, ಉಪಾಧ್ಯಾಯ ಬಂಧುಗಳಲ್ಲಿಯೂ, ಊರಿನ ವಿದ್ಯಾವಂತರಲ್ಲಿಯೂ ನಮ್ಮ ಅರಿಕೆ ಇಷ್ಟೆ. ಫಲಿತಾಂಶ ಬಂದ ದಿನ ಆಯ್ಕೆಯಾದ ಮಗುವಿಗೆ ಹಾರ ಹಾಕಿ, ಸಂತೋಷ. ಆದರೆ ಆ ದಿನವೇ, ಆಯ್ಕೆಯಾಗದ ಮಗುವಿನ ಕೈಗೂ ಒಂದು ಹೊಸ ಪುಸ್ತಕ ಕೊಟ್ಟು, ಒಂದು ಪುಟ ಓದಿಸಿ ಕೇಳಿ. ಅದು ತಡವರಿಸದೆ ಓದಿ, ಓದಿದುದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿತಾದರೆ, ಆ ಶಾಲೆ ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ತಿಳಿಯಿರಿ. ಹೇಳಲಾರದೆ ಹೋಯಿತಾದರೆ, ನಪಾಸಾದವರು ಯಾರೆಂಬುದನ್ನು ನಾವು ನಾವೇ ವಿಚಾರಮಾಡಿಕೊಳ್ಳತಕ್ಕದ್ದು.